ಎಡಗೈ ಕರಣಿಕ

ಹೋದ ಅಕ್ಟೋಬರ್‌ನಲ್ಲಿ ಮಗಳು ಶೈಲಾ ಬೇಸ್‌ಮೆಂಟ್ ಖಾಲಿ ಮಾಡುತ್ತಿದ್ದಳು. ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿರುವ ಅವಳ ಈ ಮನೆಗೆ ನಾನು ಬಂದು ಆರು ವರ್ಷವಾಗಿದ್ದರೂ ನನ್ನ ಪೆಟ್ಟಿಗೆಗಳಲ್ಲಿ ಅರ್ಧವನ್ನು ಬಿಚ್ಚಿಯೇ ಇರಲಿಲ್ಲ. ಅಂಥ ಒಂದರೊಳಗಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದು, ಮುಚ್ಚಳ ಸ್ವಲ್ಪ ಎತ್ತಿ, ಮೂಗು ಮುಚ್ಚಿಕೊಂಡಳು.

"ಡ್ಯಾಡ್, ಇದರಲ್ಲಿ ಉಪ್ಪಿನಕಾಯಿ ಇಟ್ಟಿದ್ರಾ? ಇಟ್ ಸ್ಮೆಲ್ಸ್ ಲೈಕ್ ವಿನಿಗರ್. ಎಸೆದುಬಿಡ್ಲಾ?"

ಬೇಡ, ಅಲ್ಲೇ ಇಡು ಎಂದೆ. ಅವಳು ಬೇರೆ ಪೆಟ್ಟಿಗೆ ಹೊತ್ತುಕೊಂಡು ಮೇಲೆ ಹೋದಳು. ನಾನು ಮೆಟ್ಟಿಲ ಮೇಲೆ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಅದು ಉಪ್ಪಿನಕಾಯಿಯ ವಾಸನೆಯಲ್ಲ. ಹಳೆಯ ಫಿಲ್ಮ್ ಕೆಡುವಾಗ ಹೀಗೆ ಹುಳಿ ವಾಸನೆ ಬರುತ್ತದೆ. ಮೂವತ್ತು ವರ್ಷ ಒಂದು ಕಾಲೇಜಿನ ಸ್ಲೈಡ್ ರೂಮಿನಲ್ಲಿ ಕೆಲಸ ಮಾಡಿದವನು ನಾನು, ನನಗೆ ಅದು ಗೊತ್ತು. ಆ ಡಬ್ಬಿಯಲ್ಲಿ ಇದ್ದದ್ದು ಒಂದೇ ಒಂದು ಸ್ಲೈಡು. ಅದು ನನ್ನದಲ್ಲ. ಅದರ ಒಡತಿಯ ಬದುಕನ್ನು ನಾನು ಹಾಳು ಮಾಡಿದೆ. ಇದನ್ನು ಈ ತನಕ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಲಿಲ್ಲ, ಅವಳು ತೀರಿಹೋದಳು.

ಎಪ್ಪತ್ತೊಂದನೆಯ ಇಸವಿಯ ಸೆಪ್ಟೆಂಬರ್‌ನಿಂದ ಮುಂದಿನ ಏಪ್ರಿಲ್ ತನಕ ನಡೆದ ಸಂಗತಿ ಇದು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಮೈಸೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ನಾಲ್ಕು ವರ್ಷ ನೆಗೆಟಿವ್ ತೊಳೆದು, ತಿದ್ದುವ ಕೆಲಸ ಮಾಡಿದ್ದೆ. ಆಮೇಲೆ ಭಾರತದ ಒಬ್ಬ ಅಧಿಕಾರಿಯ ಮನೆಗೆ ಅಡಿಗೆಯವನಾಗಿ ನ್ಯೂಯಾರ್ಕಿಗೆ ಬಂದೆ. ಅವರಿಗೆ ದೆಹಲಿಗೆ ವರ್ಗವಾದಾಗ ನಾನು ವಾಪಸು ಹೋಗಲಿಲ್ಲ. ಮದುವೆಯಾಗಿ ಮೂರು ತಿಂಗಳಿಗೇ ಬಿಟ್ಟುಬಂದಿದ್ದ ಹೆಂಡತಿ ನಾಗರತ್ನ ಮಂಡ್ಯದಲ್ಲಿ ತವರಿನಲ್ಲಿದ್ದಳು. ಗ್ರೀನ್ ಕಾರ್ಡ್ ಸಿಕ್ಕರೆ ಅವಳನ್ನು ಕರೆಸಿಕೊಳ್ಳಬಹುದು, ಇಲ್ಲದಿದ್ದರೆ ನಾನೂ ಹೊರಡಬೇಕು. ಆ ವರ್ಷ ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ.

ನನಗೆ ಕೆಲಸ ಕೊಡಿಸಿದವರು ವತ್ಸಲಾ ಮೇಡಂ. ಅಧಿಕಾರಿಯ ಮನೆಗೆ ಒಮ್ಮೆ ಊಟಕ್ಕೆ ಬಂದು, ಹುಳಿ ಮಾಡಿದವರು ಯಾರೆಂದು ಕೇಳಿಕೊಂಡು ಅಡಿಗೆಮನೆಗೆ ಬಂದಿದ್ದರು. ಸ್ಟುಡಿಯೋದ ವಿಷಯ ಹೇಗೋ ಮಾತಿನಲ್ಲಿ ಬಂತು. ಹಡ್ಸನ್ ನದಿಯ ಈಚೆ, ನ್ಯೂಜೆರ್ಸಿಯ ಗುಡ್ಡದ ಮೇಲಿದ್ದ ಕಾಲೇಜಿನಲ್ಲಿ ಅವರು ಚಿತ್ರಕಲೆಯ ಇತಿಹಾಸ ಪಾಠ ಮಾಡುತ್ತಿದ್ದರು. ಧಾರವಾಡದ ಸಂಸ್ಕೃತ ಮಾಸ್ತರರೊಬ್ಬರ ಮಗಳು. ಮದುವೆಯಾಗಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ಇಳಕಲ್ ಸೀರೆಯ ಮೇಲೆ ಉದ್ದನೆಯ ಉಣ್ಣೆಯ ಕೋಟು, ಕಾಲಿಗೆ ಕ್ಯಾನ್ವಾಸ್ ಬೂಟು. ನಾಲ್ಕೈದು ನೂರು ವರ್ಷದ ಹಿಂದೆ ಗೋಡೆಗಳ ಮೇಲೆ ಬರೆದ ಚಿತ್ರಗಳು ಅವರ ವಿಷಯ. ಇಟಲಿಯ ಚರ್ಚುಗಳದ್ದನ್ನು ಹುಡುಗರಿಗೆ ಕಲಿಸುತ್ತಿದ್ದರು. ನಮ್ಮ ಕಡೆಯ ದೇವಸ್ಥಾನಗಳದ್ದನ್ನು ತಾವು ಓದುತ್ತಿದ್ದರು. ಆರು ವರ್ಷದಿಂದ ಅದೇ ಕಾಲೇಜಿನಲ್ಲಿದ್ದರೂ ನೌಕರಿ ಖಾಯಂ ಆಗಿರಲಿಲ್ಲ. ಬರುವ ಏಪ್ರಿಲ್‌ನಲ್ಲಿ ಅದು ತೀರ್ಮಾನವಾಗಬೇಕಿತ್ತು. ಆಗದಿದ್ದರೆ ಬೇರೆ ದಾರಿ ನೋಡಿಕೊಳ್ಳಬೇಕು. ಆ ವಯಸ್ಸಿನ ಹೆಂಗಸಿಗೆ, ಅದೂ ಆ ವಿಷಯಕ್ಕೆ, ಬೇರೆ ದಾರಿಯೇ ಇರಲಿಲ್ಲ.

ಸ್ಲೈಡ್ ರೂಮ್ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಉದ್ದಕ್ಕೂ ಕಬ್ಬಿಣದ ಡ್ರಾಯರುಗಳು, ಒಂದು ಬೆಳಕಿನ ಮೇಜು, ಮೇಲೆ ರಸ್ತೆಯಲ್ಲಿ ಹೋಗುವವರ ಕಾಲು ಕಾಣುವಷ್ಟು ಕಿಟಕಿ. ಫಿಲ್ಮನ್ನು ಕತ್ತರಿಸಿ, ಎರಡು ಗಾಜಿನ ನಡುವೆ ಕೂರಿಸಿ, ಎಡಗಡೆ ಕೆಳಮೂಲೆಗೆ ಒಂದು ಕೆಂಪು ಚುಕ್ಕೆ ಅಂಟಿಸುವುದು ನನ್ನ ಕೆಲಸ. ಪ್ರೊಜೆಕ್ಟರಿಗೆ ಹಾಕುವವರು ಆ ಚುಕ್ಕೆಯನ್ನಷ್ಟೇ ನೋಡುತ್ತಾರೆ. ಅದನ್ನು ತಪ್ಪಿಟ್ಟರೆ ಚಿತ್ರದ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ.

ಮೇಡಂ ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಕೆಳಗೆ ಬರುತ್ತಿದ್ದರು. ಕನ್ನಡ ಆಡಲು ಅವರಿಗೆ ಬೇರೆ ಜಾಗ ಇರಲಿಲ್ಲ. ನನ್ನ ಮಾತನ್ನು ಕೇಳಿ ನಗುತ್ತಿದ್ದರು. "ನಿಮ್ಮ ಮೈಸೂರ ಮಂದಿ ಬೈದ್ರೂ ಬೆಣ್ಣಿ ಹಚ್ಚಿದಂಗ ಇರ್ತದ ನೋಡು ಪುಟ್ಟಸ್ವಾಮಿ. ಸುಳ್ಳ ಹೇಳಿದ್ರ ಹೆಂಗ ಗುರ್ತ ಹಿಡೀಬೇಕು?" ಎಂದು ಒಮ್ಮೆ ಕೇಳಿದ್ದರು. ನಾನೂ ನಕ್ಕಿದ್ದೆ.

ನಾನು ಎಡಗೈಯಲ್ಲಿ ಕತ್ತರಿ ಹಿಡಿಯುವುದನ್ನು ಮೊದಲ ದಿನವೇ ಕಂಡಿದ್ದರು. ಬರೆಯುವುದು ಮಾತ್ರ ಬಲಗೈ ಯಾಕೆ ಎಂದು ಕೇಳಿದರು. ಸ್ಕೂಲಿನಲ್ಲಿ ಮೇಷ್ಟ್ರು ಒಂದು ವರ್ಷ ನನ್ನ ಎಡಗೈಯನ್ನು ಬೆಂಚಿನ ಕಾಲಿಗೆ ಕಟ್ಟಿ ಬರೆಸಿದ್ದನ್ನು ಹೇಳಿದೆ. ಅವರು ಊಟ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತ ಕೂತರು.

ಆ ಬೇಸಿಗೆ ರಜೆಯಲ್ಲಿ ಮೇಡಂ ಬಳ್ಳಾರಿ ಕಡೆಯ ಒಂದು ಸಣ್ಣ ದೇವಸ್ಥಾನಕ್ಕೆ ಹೋಗಿ ಬಂದಿದ್ದರು. ಅದರ ಒಳಮಂಟಪದ ಗೋಡೆಯ ಮೇಲೆ, ದೀಪದ ಮಸಿಯ ಅಡಿಯಲ್ಲಿ, ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಚಿತ್ರಗಳಿದ್ದವು. ಅರ್ಚಕರು ಬೆಳಗಿನ ಪೂಜೆಗೂ ಮಧ್ಯಾಹ್ನದ ಪೂಜೆಗೂ ನಡುವೆ ಒಳಗೆ ಬಿಟ್ಟರು. ಏಣಿ ಹತ್ತಿ, ಒದ್ದೆ ಹತ್ತಿಯಲ್ಲಿ ಮಸಿ ಒರೆಸುತ್ತ, ಫ್ಲ್ಯಾಶ್ ಹಾಕಿ ನಾಲ್ಕು ರೋಲು ತೆಗೆದಿದ್ದರು. ಟಾರ್ಚಿನ ಬೆಳಕಿಗೆ ಒಂದೊಂದು ತುಂಡು ಮಾತ್ರ ಕಂಡಿತ್ತು. ಇಡೀ ಚಿತ್ರವನ್ನು ಅವರು ಮೊದಲು ನೋಡಿದ್ದು ನಾನು ಮಾಡಿಕೊಟ್ಟ ಸ್ಲೈಡಿನಲ್ಲೇ.

ಮೂರನೆಯ ರೋಲನ್ನು ಕತ್ತರಿಸಿದ ದಿನ ನನ್ನ ಜೇಬಿನಲ್ಲಿ ಇಮಿಗ್ರೇಶನ್ ಆಫೀಸಿನ ಕಾಗದ ಇತ್ತು. ಇನ್ನೂ ಕೆಲವು ದಾಖಲೆ ಬೇಕೆಂದು ಬರೆದಿದ್ದರು. ಫಿಲ್ಮಿಗೆ ಎರಡು ಮುಖ, ಒಂದು ಹೊಳಪು, ಒಂದು ಮಂಕು. ಸ್ಲೈಡ್ ಮಾಡುವಾಗ ಹೊಳಪು ಮುಖ ನಮ್ಮ ಕಡೆಗಿರಬೇಕು. ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವವನು ಮಂಕು ಮುಖವನ್ನು ತನ್ನ ಕಡೆಗೆ ಹಿಡಿಯುತ್ತಾನೆ, ಪೆನ್ಸಿಲು ಹಿಡಿಯುವುದು ಆ ಮುಖಕ್ಕೇ. ಮನಸ್ಸು ಎಲ್ಲೋ ಇದ್ದ ಆ ದಿನ ಕೈ ಮೈಸೂರಿನ ಅಭ್ಯಾಸಕ್ಕೆ ಹೋಗಿಬಿಟ್ಟಿತು. ಆ ಒಂದು ರೋಲು ಪೂರ್ತಿ ಮಂಕು ಮುಖ ನನ್ನ ಕಡೆಗಿಟ್ಟು ಚುಕ್ಕೆ ಅಂಟಿಸಿದೆ. ಅಲ್ಲಿಯ ತನಕ ಅದು ತಪ್ಪು ಮಾತ್ರ. ಅದಕ್ಕೆ ನಾನು ಇಷ್ಟು ವರ್ಷ ನರಳುತ್ತಿರಲಿಲ್ಲ.

ಅಕ್ಟೋಬರ್‌ನ ಒಂದು ಮಧ್ಯಾಹ್ನ ಮೇಡಂ ಆ ರೋಲನ್ನು ಗೋಡೆಯ ಮೇಲೆ ಹಾಕಿ ನೋಡಿದರು. ಮೂವರು ಬ್ರಾಹ್ಮಣರು ಸಾಲಾಗಿ ನಿಂತಿದ್ದಾರೆ. ಎದುರಿಗೆ ಒಬ್ಬ ಹೆಂಗಸು ಎರಡೂ ಕೈಯಲ್ಲಿ ಗಿಂಡಿ ಹಿಡಿದು ನೀರು ಬಿಡುತ್ತಿದ್ದಾಳೆ. ಮೇಡಂ ಗೋಡೆಯ ಹತ್ತಿರ ಹೋಗಿ ನಿಂತರು. ಚಿತ್ರದ ಅರ್ಧ ಅವರ ಬೆನ್ನಿನ ಮೇಲೆ ಬಿತ್ತು.

"ಪುಟ್ಟಸ್ವಾಮಿ, ಇವರ ಜನಿವಾರ ನೋಡು. ಬಲಹೆಗಲ ಮ್ಯಾಲ ಅದಾವ."

ನಮ್ಮ ಮನೆಯಲ್ಲಿ ಜನಿವಾರವಿಲ್ಲ, ನನಗೆ ಅದು ಹೊಳೆಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಜನಿವಾರ ಯಾವಾಗಲೂ ಎಡಹೆಗಲ ಮೇಲಿರುತ್ತದೆ. ಸತ್ತವರ ಕಾರ್ಯದಲ್ಲಿ ಮಾತ್ರ ಅದನ್ನು ಬಲಹೆಗಲಿಗೆ ಬದಲಾಯಿಸಿಕೊಳ್ಳುತ್ತಾರೆ. ಹಾಗಾದರೆ ಇದು ದಾನದ ಧಾರೆಯಲ್ಲ, ತರ್ಪಣ. ಒಬ್ಬ ಹೆಣ್ಣುಮಗಳು ಎಳ್ಳುನೀರು ಬಿಡುತ್ತಿದ್ದಾಳೆ. ಯಾವ ಗೋಡೆಯ ಮೇಲೂ ಇಂಥ ಚಿತ್ರವನ್ನು ಯಾರೂ ನೋಡಿಲ್ಲ.

ಆಮೇಲೆ ತಂದೆಯ ವಿಷಯ ಹೇಳಿದರು. ನಾಲ್ಕು ವರ್ಷದ ಹಿಂದೆ ಧಾರವಾಡದಿಂದ ತಂತಿ ಬಂದಾಗ ಎಲ್ಲ ಮುಗಿದು ಎರಡು ದಿನವಾಗಿತ್ತು. ಗಂಡುಮಕ್ಕಳಿಲ್ಲದ ಮನುಷ್ಯ. ದೂರದ ದಾಯಾದಿಯೊಬ್ಬ ಕಾರ್ಯ ಮಾಡಿದ. ವರ್ಷಾಬ್ದಿಕಕ್ಕೆ ಅವನೂ ಬರಲಿಲ್ಲ. "ನಾ ಮಾಡ್ತೀನಿ ಅಂತ ಬರದಿದ್ದೆ. ಹೆಣ್ಮಕ್ಕಳು ಮಾಡೂದು ಎಲ್ಲೈತಿ ಅಂತ ಊರಿಂದ ಬರದ್ರು," ಎಂದು ಗೋಡೆಯ ಕಡೆ ಕೈ ತೋರಿಸಿದರು. "ಇಲ್ಲೈತಿ."

ಆ ಚಳಿಗಾಲ ಅವರು ಬೇರೆಯೇ ಮನುಷ್ಯರಾದರು. ಆ ಒಂದು ಚಿತ್ರದ ಮೇಲೆ ದೊಡ್ಡ ಲೇಖನ ಬರೆಯತೊಡಗಿದರು. ನೌಕರಿಯ ತೀರ್ಮಾನಕ್ಕೆ ಮೊದಲು ಏಪ್ರಿಲ್‌ನಲ್ಲಿ ಕೊಡಬೇಕಿದ್ದ ಉಪನ್ಯಾಸವಾಗಿ ಅದನ್ನೇ ಓದುವುದೆಂದಾಯಿತು. ಒಂದು ಶನಿವಾರ ನನ್ನನ್ನೂ ಕರೆದುಕೊಂಡು ಮ್ಯಾನ್‌ಹ್ಯಾಟನ್ನಿನ ಉತ್ತರ ತುದಿಯ ಮ್ಯೂಸಿಯಂಗೆ ಹೋದರು. ಸ್ಪೇನಿನ ಯಾವುದೋ ಚರ್ಚಿನ ಗೋಡೆಯಿಂದ ಬಟ್ಟೆಗೆ ಎತ್ತಿ ತಂದ ಚಿತ್ರ ಅಲ್ಲಿತ್ತು. ಚೌಕಟ್ಟಿನ ಚಿತ್ರವನ್ನು ಎಲ್ಲಿ ಬೇಕಾದರೂ ತೂಗುಹಾಕಬಹುದು, ಗೋಡೆಯ ಚಿತ್ರಕ್ಕೆ ಮಾತ್ರ ದಿಕ್ಕು ಇರುತ್ತದೆ ಎಂದರು. ಬಾಗಿಲು ಯಾವ ಕಡೆ, ಸೂರ್ಯ ಯಾವ ಕಡೆ, ನೋಡುವವನು ಯಾವ ಕಡೆಯಿಂದ ನಡೆದು ಬರುತ್ತಾನೆ, ಎಲ್ಲವನ್ನೂ ಎಣಿಸಿ ಬರೆದಿರುತ್ತಾರೆ. ನಾನು ತಲೆಯಾಡಿಸಿದೆ. ಹೊರಗೆ ಬಂದಾಗ ನದಿಯ ಮೇಲಿಂದ ಕೊರೆಯುವ ಗಾಳಿ. ನನಗೆ ಕೈಗವಸು ಇರಲಿಲ್ಲ. ತಮ್ಮದರಲ್ಲಿ ಒಂದನ್ನು ಬಿಚ್ಚಿ ನನಗೆ ಕೊಟ್ಟರು, ಎಡಗೈಯದ್ದು. "ನಿನ್ನ ಖರೇ ಕೈ ಅದೇ ಅಲ್ಲಾ?" ಎಂದರು.

ಜನವರಿಯಲ್ಲಿ ಲೇಖನಕ್ಕೆ ದೊಡ್ಡ ಪ್ರತಿ ತೆಗೆಯಬೇಕೆಂದು ಆ ಸ್ಲೈಡನ್ನು ಬೆಳಕಿನ ಮೇಜಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಕೆಳಗಡೆ ಮೂಲೆಯಲ್ಲಿ, ಮಸಿ ಪೂರ್ತಿ ಹೋಗದ ಕಡೆ, ಹೆಬ್ಬೆರಳಿನ ಉಗುರಿನಷ್ಟೂ ಇಲ್ಲದ ಒಬ್ಬ ಮನುಷ್ಯ ಕಂಡ. ಮಂಡಿ ಮಡಿಚಿ ಕೂತು ಓಲೆಯ ಮೇಲೆ ಬರೆಯುತ್ತಿದ್ದಾನೆ. ಕರಣಿಕ. ಬರೆಯುವ ಕಂಟ ಹಿಡಿದಿರುವುದು ಎಡಗೈಯಲ್ಲಿ. ಮೊದಲು ನನಗೆ ಆದದ್ದು ಸಂತೋಷ. ಐನೂರು ವರ್ಷದ ಹಿಂದೆ ಒಬ್ಬ ಎಡಚನನ್ನು ಯಾರೂ ಕಟ್ಟಿಹಾಕದೆ ಬರೆಯಲು ಬಿಟ್ಟಿದ್ದಾರಲ್ಲ ಎನ್ನಿಸಿತು. ಮರುಕ್ಷಣವೇ ಹೊಳೆಯಿತು. ಹಾಗೆ ಯಾರೂ ಬಿಡುವುದಿಲ್ಲ.

ಗಾಜು ಬಿಚ್ಚಿದೆ. ಫಿಲ್ಮಿನ ಅಂಚಿನಲ್ಲಿ ಕಂಪನಿಯವರು ಅಚ್ಚುಹಾಕಿದ ಅಕ್ಷರಗಳಿರುತ್ತವೆ. ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿದ್ದವು. ತಿರುಗಿಸಿ ಹಿಡಿದೆ. ಕರಣಿಕ ಬಲಗೈಯವನಾದ. ಮೂವರ ಜನಿವಾರವೂ ಎಡಹೆಗಲಿಗೆ ಬಂತು. ಹೆಂಗಸು ಭೂಮಿಯನ್ನೋ ಗೋವನ್ನೋ ದಾನ ಕೊಟ್ಟು ಧಾರೆ ಎರೆಯುತ್ತಿದ್ದಾಳೆ, ಕರಣಿಕ ಅದನ್ನು ಬರೆದುಕೊಳ್ಳುತ್ತಿದ್ದಾನೆ. ಎಲ್ಲ ದೇವಸ್ಥಾನಗಳ ಗೋಡೆಯ ಮೇಲೂ ಇರುವಂಥ ಚಿತ್ರ.

ಅವತ್ತು ಶುಕ್ರವಾರ. ಸೋಮವಾರ ಹೇಳಿಬಿಡುವುದೆಂದು ಗಟ್ಟಿಮಾಡಿಕೊಂಡೆ. ಎರಡು ದಿನ ಜೆರ್ಸಿ ಸಿಟಿಯ ಕೋಣೆಯಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿದೆ. ಬೈದರೆ ಬೈಯಲಿ, ಲೇಖನ ತಿದ್ದಲು ಇನ್ನೂ ಮೂರು ತಿಂಗಳಿದೆ. ಸೋಮವಾರ ಹಿಮ ಬೀಳುತ್ತಿತ್ತು. ಮೇಡಂ ನನಗಿಂತ ಮೊದಲೇ ಬಂದು ಸ್ಲೈಡ್ ರೂಮಿನಲ್ಲಿ ಕೋಟು ಬಿಚ್ಚದೆ ಕೂತಿದ್ದರು. ಕೈಯಲ್ಲಿ ಏರೋಗ್ರಾಂ. ದೇವಸ್ಥಾನದ ಅರ್ಚಕರು ಬರೆದದ್ದು. ಜೀರ್ಣೋದ್ಧಾರ ನಡೆಯಿತು, ತಮ್ಮಂಥವರು ದೂರದಿಂದ ಬಂದು ನೋಡುವಾಗ ಗೋಡೆ ಕೊಳಕಾಗಿರಬಾರದೆಂದು ಒಳಮಂಟಪಕ್ಕೂ ಸುಣ್ಣ ಹೊಡೆಸಿದ್ದೇವೆ, ಈಗ ಬಹಳ ಬೆಳಕಾಗಿದೆ ಎಂದು ಸಂತೋಷದಿಂದ ಬರೆದಿದ್ದರು.

"ಮಸಿ ಒರಸಿ ತಪ್ಪ ಮಾಡಿದೆ ನಾನು," ಎಂದರು ಮೇಡಂ. "ನಾ ಒರಸಿದ್ದಕ್ಕ ಅವರಿಗೆ ಗ್ವಾಡಿ ಹೊಲಸು ಕಂಡಿತು. ಇನ್ನ ಇವಿಷ್ಟ ಉಳದಾವ ನೋಡು." ಬೆಳಕಿನ ಮೇಜಿನ ಮೇಲೆ ಕೈಯಿಟ್ಟರು. ಆಮೇಲೆ ಏನೋ ನೆನಪಾದವರಂತೆ ನನ್ನ ಕಡೆ ತಿರುಗಿದರು.

"ಏಣಿ ಮ್ಯಾಲ ನಿಂತಾಗ ಚಿತ್ರದಾಗಿನ ಆಕಿ ನನ್ನ ಬಲಕ್ಕ ಇದ್ಲು ಅಂತ ನೆನಪಿತ್ತು ನನಗ. ಸ್ಲೈಡ್ ನೋಡಿದ ಮ್ಯಾಲ ನೆನಪು ತಿದ್ದಿಕೊಂಡೆ. ಈಗ ಹೋಗಿ ನೋಡೂಣು ಅಂದ್ರ ಗ್ವಾಡೀನ ಇಲ್ಲ. ನೀ ಸರಿಯಾಗಿ ಕೂಡಿಸೀದಿ ಹೌದಿಲ್ಲೋ?"

ಇಷ್ಟು ನೇರವಾಗಿ ಕೇಳಿದರು. ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಡಿಪಾರ್ಟ್‌ಮೆಂಟಿನಿಂದ ಅವರೇ ಬರೆದ ಪತ್ರ ಆ ವಾರ ಹೋಗಬೇಕಿತ್ತು. ನುರಿತ ಕೆಲಸಗಾರ, ತಪ್ಪು ಮಾಡದವನು ಎಂದು ಅದರಲ್ಲಿತ್ತು. ಹಾಗಂತ ಭಯ ಒಂದೇ ಆಗಿದ್ದರೆ ನನಗೆ ನಾನೇ ಒಂದಿಷ್ಟು ಕ್ಷಮೆ ಕೊಟ್ಟುಕೊಳ್ಳುತ್ತಿದ್ದೆನೇನೋ. ಗೋಡೆ ಹೋಯಿತಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂಬ ಸಮಾಧಾನವೂ ಒಳಗೆ ಎದ್ದಿತ್ತು. ಅದು ನೆನಪಿದೆ.

"ಸರಿಯಾಗೇ ಕೂರಿಸಿದ್ದೀನಿ ಮೇಡಂ," ಎಂದೆ.

ಅವತ್ತು ಮಧ್ಯಾಹ್ನ ಅವರು ಪಾಠಕ್ಕೆ ಹೋದ ಮೇಲೆ, ಎಡಗೈ ನೋಡಿ ಯಾರಿಗೂ ಅನುಮಾನ ಬರಬಾರದೆಂದು, ಕರಣಿಕನ ಮೇಲೆ ಕಪ್ಪು ಟೇಪು ಹಾಕಿದೆ. ಸ್ಲೈಡಿನಲ್ಲಿ ಬೇಡದ ಅಂಚನ್ನು ಹಾಗೆ ಮುಚ್ಚುವುದು ವಾಡಿಕೆ. ಸಣ್ಣ ತುಂಡು, ನೀಟಾಗಿ ಕತ್ತರಿಸಿ, ಚಿತ್ರದ ಕೆಳಗಿನ ಮಸಿಯೊಂದಿಗೆ ಸೇರಿಹೋಗುವಂತೆ ಕೂರಿಸಿದೆ. ಅಷ್ಟು ಚೆನ್ನಾದ ಕೆಲಸ ನಾನು ಮತ್ತೆ ಮಾಡಲಿಲ್ಲ. ಗಾಜು ಮುಚ್ಚಿ, ಕೆಂಪು ಚುಕ್ಕೆ ಮೊದಲಿನ ಕಡೆಗೇ ಅಂಟಿಸಿದೆ. ಮೂರು ತಿಂಗಳು ಮೇಡಂ ಅದನ್ನು ದಿನಕ್ಕೆ ಎಷ್ಟೋ ಹೊತ್ತು ಗೋಡೆಯ ಮೇಲೆ ಹಾಕಿಕೊಂಡು ಬರೆದರು.

ಏಪ್ರಿಲ್‌ನ ಉಪನ್ಯಾಸಕ್ಕೆ ಹಾಲ್ ತುಂಬಿತ್ತು. ಪ್ರೊಜೆಕ್ಟರ್ ನಡೆಸುತ್ತಿದ್ದವನು ನಾನೇ. ಮೇಡಂ ಮಾವಿನ ಹಣ್ಣಿನ ಬಣ್ಣದ ಸೀರೆ ಉಟ್ಟು, ಒಂದು ಗಂಟೆ ತಡವರಿಸದೆ ಮಾತಾಡಿದರು. ಕೊನೆಯಲ್ಲಿ ಮುಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದರು. ಬೇರೆ ಊರಿನಿಂದ ಬಂದ ವಿದ್ವಾಂಸರು, ಎರಡನೆಯ ಮಹಾಯುದ್ಧಕ್ಕೆ ಮೊದಲು ನಮ್ಮ ದೇಶವೆಲ್ಲ ಸುತ್ತಿದ್ದವರು. ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಆ ಗೋಡೆಯನ್ನು ತಾವೂ ನೋಡಿದ್ದುಂಟು, ತಮ್ಮ ಬಳಿ ಹಳೆಯ ಕಪ್ಪುಬಿಳುಪು ಫೋಟೋ ಇದೆ, ಅದರಲ್ಲಿ ಮಂಟಪದ ಬಾಗಿಲೂ ಸೇರಿದೆ. ಹೆಂಗಸು ನಿಂತಿರುವುದು ಇನ್ನೊಂದು ಕಡೆ. ಅವಳ ಕಾಲ ಹತ್ತಿರ ಒಬ್ಬ ಬರೆಯುವವನೂ ಇದ್ದಾನೆ. ಅವನು ಇಲ್ಲಿ ಏಕೆ ಕಾಣುತ್ತಿಲ್ಲ ಎಂದು ಕೇಳಿದರು.

ಮಾರನೆಯ ವಾರ ಅವರ ಫೋಟೋ ಟಪಾಲಿನಲ್ಲಿ ಬಂತು. ಡಿಪಾರ್ಟ್‌ಮೆಂಟಿನ ಐವರು ಮುಖ್ಯಸ್ಥರ ಕೋಣೆಯಲ್ಲಿ ಕೂತರು. ಮೇಡಂ ಒಂದು ಬದಿಯ ಕುರ್ಚಿಯಲ್ಲಿದ್ದರು. ಸ್ಲೈಡ್ ಬಿಚ್ಚಲು ನನ್ನನ್ನು ಕರೆಸಿದರು. ನಾನೇ ಗಾಜು ತೆಗೆದೆ. ನಾನೇ ಚಿಮಟದಲ್ಲಿ ಟೇಪಿನ ತುದಿ ಹಿಡಿದು ಎಳೆದೆ. ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಸ್ಲೈಡು ಉಲ್ಟಾ ಆಗುವುದು ಎಲ್ಲ ಕಡೆ ಇದ್ದದ್ದೇ, ಅದನ್ನು ಕ್ಷಮಿಸಬಹುದು ಎಂದರು ಮುಖ್ಯಸ್ಥರು. ಟೇಪು ಮಾತ್ರ ತಾನಾಗಿ ಬಂದು ಕೂರುವುದಿಲ್ಲ. ಇದನ್ನು ಹಾಕಿದವರು ಯಾರು?

ಅವರು ನೋಡಿದ್ದು ನನ್ನ ಕಡೆ. ನಾನು ಬಾಯಿ ತೆರೆಯಲಿಲ್ಲ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ, ಕಿಟಕಿಯಾಚೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಒಂದು ಸುತ್ತು ಪೂರ್ತಿ ಹೋಗಿ ಬರುವಷ್ಟು. ಆಮೇಲೆ ಮೇಡಂ ಇಂಗ್ಲಿಷಿನಲ್ಲಿ, ಪಾಠ ಮಾಡುವ ದನಿಯಲ್ಲೇ, ಅದನ್ನು ಹಾಕಿದವಳು ನಾನು ಎಂದರು.

ನನ್ನ ಕಡೆ ನೋಡಲೂ ಇಲ್ಲ. ಪತ್ರಿಕೆಯವರು ಲೇಖನವನ್ನು ವಾಪಸು ಕಳಿಸಿದರು. ನೌಕರಿ ಹೋಯಿತು. ಮೋಸ ಮಾಡಿದವರೆಂಬ ಮಾತು ಅವರಿಗಿಂತ ಮುಂದೆ ಎಲ್ಲ ಕಾಲೇಜುಗಳಿಗೂ ತಲುಪಿತು. ತಮ್ಮ ಕೋಣೆ ಖಾಲಿ ಮಾಡಿದ ದಿನ ಕೆಳಗೆ ಬಂದು ತಮ್ಮ ರೋಲುಗಳನ್ನು ಡಬ್ಬಿಗೆ ತುಂಬಿಕೊಂಡರು. ಆ ಒಂದು ಸ್ಲೈಡನ್ನು ಮಾತ್ರ ಬೆಳಕಿನ ಮೇಜಿನ ಮೇಲೆ ಬಿಟ್ಟು ಹೋದರು. ಮರೆತರೋ, ನನಗೆಂದು ಬಿಟ್ಟರೋ ತಿಳಿಯದು. ಆಗಸ್ಟ್‌ನಲ್ಲಿ ನನ್ನ ಗ್ರೀನ್ ಕಾರ್ಡ್ ಬಂತು. ಮುಂದಿನ ವರ್ಷ ನಾಗರತ್ನ ಬಂದಳು. ಶೈಲಾ ಹುಟ್ಟಿದಳು.

ಆಮೇಲೆ ಅವರನ್ನು ಕಂಡದ್ದು ಒಂದೇ ಸಲ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ, ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದಲ್ಲಿ, ಪ್ರಸಾದದ ಸಾಲಿನಲ್ಲಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕ್ವೀನ್ಸ್‌ನಲ್ಲಿ ಯಾವುದೋ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದೇನೆ ಎಂದರು. ನನ್ನ ಹೆಗಲ ಮೇಲೆ ಶೈಲಾ ನಿದ್ದೆ ಹೋಗಿದ್ದಳು. ಅವಳ ಬೆನ್ನು ಸವರಿ, ಹೆಸರು ಕೇಳಿದರು. ಆಮೇಲೆ ಮೆಲ್ಲಗೆ ಅಂದರು:

"ಅಂವ ಎಡಗೈಲೆ ಬರೀತಿದ್ದ ಅಂತ ನಿನಗ ಕಂಡಿರ್ಬೇಕು. ಬ್ಯಾರೆ ಯಾರಿಗೂ ಕಾಣೂದಿಲ್ಲ ಅದು. ಕಂಡಿತ್ತು ಹೌದಿಲ್ಲೋ?"

ಏಳು ವರ್ಷ ಕಾದು ಕೇಳಿದ ಪ್ರಶ್ನೆ. ಅವರಿಗೆ ನೌಕರಿ ಬೇಕಿರಲಿಲ್ಲ, ಕ್ಷಮಾಪಣೆಯೂ ಬೇಕಿರಲಿಲ್ಲ. ಹೌದು ಎಂಬ ಒಂದು ಮಾತು ಸಾಕಾಗಿತ್ತು. ನನ್ನ ಕೈಯಲ್ಲಿ ಕಾರ್ಡಿತ್ತು, ಮಗಳಿದ್ದಳು, ಕಳೆದುಕೊಳ್ಳುವುದು ಏನೂ ಇರಲಿಲ್ಲ.

"ಇಲ್ಲ ಮೇಡಂ," ಎಂದೆ.

ಅವರು ತಲೆಯಾಡಿಸಿದರು. ತಮ್ಮ ಮೊಸರನ್ನದ ದೊನ್ನೆಯನ್ನು ನನ್ನ ಕೈಗೆ ಕೊಟ್ಟು, ಮಗು ಎದ್ದರೆ ತಿನ್ನಿಸು ಎಂದು ಹೇಳಿ ಬಾಗಿಲ ಕಡೆ ನಡೆದರು. ಕೆಲವು ವರ್ಷದ ಮೇಲೆ ಬೆಲ್‌ರೋಸ್‌ನ ಅಂಗಡಿಯೊಂದರಲ್ಲಿ ಯಾರೋ ಅವರು ತೀರಿಕೊಂಡ ಸುದ್ದಿ ಹೇಳಿದರು. ಊರಿನಲ್ಲಿ ಯಾರೂ ಇರಲಿಲ್ಲವಂತೆ, ಆಸ್ಪತ್ರೆಯವರೇ ಎಲ್ಲ ಮುಗಿಸಿದರಂತೆ. ಎಳ್ಳುನೀರು ಬಿಡುವವರು ಇರಲಿಲ್ಲ. ನಾನು ಬಿಡಬಹುದಿತ್ತೋ ಏನೋ. ಯಾವ ಕೈಯಿಂದ ಬಿಡಲಿ?

ಮೆಟ್ಟಿಲ ಮೇಲೆ ಕೂತು ಡಬ್ಬಿಯ ಮುಚ್ಚಳ ಪೂರ್ತಿ ತೆಗೆದೆ. ಸ್ಲೈಡನ್ನು ಬಲ್ಬಿಗೆ ಹಿಡಿದೆ. ಬ್ರಾಹ್ಮಣರೂ ಆ ಹೆಂಗಸೂ ಪ್ರೊಜೆಕ್ಟರಿನ ಬೆಳಕು ತಿಂದು ಬರೀ ತಿಳಿಗುಲಾಬಿಯ ಕಲೆಯಾಗಿದ್ದರು, ಗಿಂಡಿ ಯಾವುದು ಕೈ ಯಾವುದು ತಿಳಿಯುತ್ತಿರಲಿಲ್ಲ. ಮೂಲೆಯಲ್ಲಿ, ಟೇಪಿದ್ದ ಜಾಗದಲ್ಲಿ ಮಾತ್ರ ಬಣ್ಣ ಇನ್ನೂ ಉಳಿದಿತ್ತು. ಕೆಂಪು ರುಮಾಲು, ಹಸಿರು ಧೋತ್ರ, ಹಳದಿ ಓಲೆ. ಕೂತು ಬರೆಯುತ್ತಲೇ ಇದ್ದಾನೆ.

ಶೈಲಾ ಮತ್ತೆ ಕೆಳಗೆ ಬಂದಿದ್ದಳು. ನನ್ನ ಹೆಗಲ ಮೇಲಿಂದ ಬಗ್ಗಿ, ಸ್ಲೈಡನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಓ, ಲುಕ್ ಅಟ್ ದಿಸ್ ಲಿಟಲ್ ಗೈ. ಇವನೂ ನಿಮ್ಮ ಥರಾ ಲೆಫ್ಟಿ, ಅಲ್ವಾ ಡ್ಯಾಡ್?"

ಕೆಂಪು ಚುಕ್ಕೆ ಇನ್ನೂ ನಾನು ಅಂಟಿಸಿದ ಕಡೆಯೇ ಇತ್ತು. ಅದು ಎಡಗಡೆ ಕೆಳಮೂಲೆಗೆ ಬರುವಂತೆಯೇ ಅವಳು ಹಿಡಿದಿದ್ದಳು. ನಾನು ಅವಳ ಕೈಯಿಂದ ಸ್ಲೈಡು ತೆಗೆದುಕೊಂಡು, ತಿರುಗಿಸಿ, ಮತ್ತೆ ಅವಳ ಕೈಗೆ ಕೊಟ್ಟೆ.

"ಅಲ್ಲಮ್ಮಾ. ಅವನು ಬಲಗೈಯವನು. ನಾನು ಉಲ್ಟಾ ಕೂರಿಸಿದ್ದೆ."

"ಓಕೆ," ಎಂದಳು. ಪೆಟ್ಟಿಗೆ ಹೊತ್ತುಕೊಂಡು ಮೇಲೆ ಹೋದಳು. ಅದನ್ನು ಹೇಳಲು ನನಗೆ ಒಂದು ಕ್ಷಣವೂ ಹಿಡಿದಿರಲಿಲ್ಲ.